ಕರುಳು ಕಚ್ಚಿದ ಮಣಿಗಳು

ಡಾಕ್ಟರ್ ಶಾಹಿದಾ ಕೈಗವಸು ಕಳಚಿ ಬುಟ್ಟಿಗೆ ಹಾಕಿದರು. ಆಮೇಲೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಸಬ್ ಇನ್‌ಸ್ಪೆಕ್ಟರ್ ವಿಸ್ಮಿತಾಳ ಕಡೆಗೆ ಸರಿಸಿದರು.

ಡಬ್ಬಿಯಲ್ಲಿ ನಾಲ್ಕು ಪುಟ್ಟ ಮಣಿಗಳಿದ್ದವು. ಒಂದೊಂದೂ ಹೆಸರುಕಾಳಿನಷ್ಟು. ನಾಲ್ಕೂ ಒಂದಕ್ಕೊಂದು ಅಂಟಿಕೊಂಡು ಸಣ್ಣ ಹುಳುವಿನ ಹಾಗೆ ಬಿದ್ದಿದ್ದವು. ವಿಸ್ಮಿತಾ ಪೆನ್ನಿನ ಪ್ಲಾಸ್ಟಿಕ್ ಮುಚ್ಚಳದಿಂದ ಕೊನೆಯದನ್ನು ಮೀಟಿ ಬಿಡಿಸಿದಳು. ಮುಚ್ಚಳ ತೆಗೆದದ್ದೇ ತಡ, ಅದು ಟಕ್ಕೆಂದು ಹಾರಿ ಮತ್ತೆ ಕಚ್ಚಿಕೊಂಡಿತು.

ಅಯಸ್ಕಾಂತ.

ಹನ್ನೊಂದು ದಿನದ ಹಿಂದೆ ಬೆಳ್ತಂಗಡಿಯ ಡಾಕ್ಟರ್ ಶ್ರೀಕೃಷ್ಣರ ಹೊಟ್ಟೆಯಲ್ಲೂ ಇಂಥದೇ ಐದು ಸಿಕ್ಕಿದ್ದವು. ಆದರೆ ಅವು ಸಿಕ್ಕಿದ್ದು ಶವಪರೀಕ್ಷೆಯಲ್ಲಿ. ಇವತ್ತಿನ ಮನುಷ್ಯ ಇನ್ನೂ ಉಸಿರಾಡುತ್ತಿದ್ದ. ಹೆಸರು ಗಣೇಶಪ್ರಸಾದ್. ಮನೆ ಮೂಡಬಿದ್ರಿಯಲ್ಲಿ; ಬಂಟ್ವಾಳದ ಹತ್ತಿರ ಒಂದು ಶಿಶುವಿಹಾರ ನಡೆಸುತ್ತಿದ್ದವನು. ಬೆಳಗಿನ ಜಾವ ಹೊಟ್ಟೆ ಹಲಗೆಯ ಹಾಗೆ ಬಿಗಿದುಕೊಂಡು ಬಂದಿದ್ದ. ಸಣ್ಣ ಕರುಳಿನಲ್ಲಿ ಮೂರು ತೂತು, ಹೊಟ್ಟೆಯ ತುಂಬ ಕೀವು. ಒಂದಡಿ ಕರುಳನ್ನು ಕತ್ತರಿಸಿ ತೆಗೆಯಬೇಕಾಯಿತು. ಎಚ್ಚರ ಯಾವಾಗ ಬರುತ್ತದೆ, ಬರುತ್ತದೋ ಇಲ್ಲವೋ ಎಂದು ಶಾಹಿದಾ ಹೇಳಲು ಒಪ್ಪಲಿಲ್ಲ.

"ಗೊತ್ತಿಲ್ಲದೆ ನುಂಗಿರಬಹುದಾ ಡಾಕ್ಟ್ರೆ?"

"ಒಂದು ನುಂಗಬಹುದು. ಒಂದು ನುಂಗಿದರೆ ಹೆಚ್ಚಾಗಿ ಏನೂ ಆಗುವುದಿಲ್ಲ, ಎರಡು ಮೂರು ದಿನದಲ್ಲಿ ತಾನಾಗಿ ಹೊರಗೆ ಹೋಗ್ತದೆ. ಇವು ಬೇರೆ ಬೇರೆ ಹೊತ್ತಿನಲ್ಲಿ ಹೋದದ್ದು."

"ಅದು ಹೇಗೆ ಗೊತ್ತಾಗ್ತದೆ?"

ಶಾಹಿದಾ ತಮ್ಮ ಶಾಲನ್ನು ಮಡಚಿ ಎರಡು ಪದರ ಮಾಡಿ ತೋರಿಸಿದರು. "ಒಂದು ಮಣಿ ಮುಂದೆ ಹೋಗಿದೆ. ಹಿಂದಿನಿಂದ ಇನ್ನೊಂದು ಬಂದಿದೆ. ಕರುಳು ಮಡಿಕೆ ಮಡಿಕೆ ಅಲ್ವಾ, ಈಚೆ ಮಡಿಕೆಯದ್ದು ಆಚೆ ಮಡಿಕೆಯದ್ದನ್ನು ಎಳೆದು ಹಿಡಿದಿದೆ. ನಡುವೆ ಸಿಕ್ಕಿದ ಕರುಳಿಗೆ ರಕ್ತ ಹೋಗುವುದಿಲ್ಲ. ಕೊಳೆತು ತೂತಾಗ್ತದೆ. ಒಟ್ಟಿಗೆ ನುಂಗಿದ್ದರೆ ಉಂಡೆಯಾಗಿ ಹೋಗುವ ಸಾಧ್ಯತೆಯೇ ಹೆಚ್ಚು."

ಅಂದರೆ ಯಾರೋ ಒಂದೊಂದಾಗಿ, ಹೊತ್ತು ನೋಡಿ ಕೊಟ್ಟಿದ್ದರು.

ವಿಸ್ಮಿತಾ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮಣಿಗಳ ಒಂದು ಮಗ್ಗುಲಲ್ಲಿ ಕೆಂಪು ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿತ್ತು. ಮಕ್ಕಳ ಆಟಿಕೆಯ ಕೆಂಪು. ಆ ಬಣ್ಣವನ್ನು ಅವಳು ಬೆಳ್ತಂಗಡಿಯಲ್ಲಿ ನೋಡಿದಾಗಲೇ ಗುರುತಿಸಿದ್ದಳು; ಯಾರಿಗೂ ಹೇಳುವ ಧೈರ್ಯ ಮಾಡಿರಲಿಲ್ಲ. ಅದಕ್ಕಿಂತ ಮೊದಲೂ ಒಮ್ಮೆ ನೋಡಿದ್ದಳು, ಐದು ವರ್ಷದ ಹಿಂದೆ, ಇಲಾಖೆಗೆ ಹೊಸದಾಗಿ ಸೇರಿ ತರಬೇತಿಯಲ್ಲಿದ್ದಾಗ. ಅಂದು ಮಣಿಗಳು ಎರಡೇ ಇದ್ದವು. ಸಿಕ್ಕಿದ್ದು ನಾಲ್ಕು ವರ್ಷದ ಮೋಕ್ಷಿತಾಳ ಪುಟ್ಟ ಶರೀರದಲ್ಲಿ.

ಮೋಕ್ಷಿತಾ ಕಲಿಯುತ್ತಿದ್ದದ್ದು ಗಣೇಶಪ್ರಸಾದನ ಶಿಶುವಿಹಾರದಲ್ಲಿ. ಹೊಟ್ಟೆನೋವೆಂದು ಅವಳನ್ನು ಮೂರು ದಿನ ಎತ್ತಿಕೊಂಡು ಹೋದದ್ದು ಡಾಕ್ಟರ್ ಶ್ರೀಕೃಷ್ಣರ ಕ್ಲಿನಿಕ್ಕಿಗೆ. ಮೂರು ಸಲವೂ ಅವರು ಗ್ಯಾಸ್ ಎಂದು ಸಿರಪ್ ಬರೆದು ಕಳಿಸಿದ್ದರು. ಒಂದು ಎಕ್ಸ್‌ರೇ ತೆಗೆಸಿದ್ದರೆ ಎರಡು ಬಿಳಿ ಚುಕ್ಕೆ ಕಾಣುತ್ತಿದ್ದವು.

ಐಸಿಯುವಿನ ಹೊರಗಿನ ಬೆಂಚಿನಲ್ಲಿ ಗಣೇಶಪ್ರಸಾದನ ಹೆಂಡತಿ ಕುಳಿತಿದ್ದರು. ಗಂಡ ಮನೆಯ ಊಟ ಬಿಟ್ಟು ಹೊರಗೆ ಏನೂ ತಿನ್ನುವವರಲ್ಲ ಎಂದು ಅವರು ನಾಲ್ಕು ಸಲ ಹೇಳಿದರು. ಮಾತ್ರೆ, ಮದ್ದು ಏನಾದರೂ ಎಂದು ವಿಸ್ಮಿತಾ ಕೇಳಿದಾಗ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡನಿಗೆ ಮೂಲವ್ಯಾಧಿ ಇತ್ತಂತೆ. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಯಾರೋ ನಾಟಿ ಮದ್ದು ಕೊಡುತ್ತಿದ್ದರು. ಯಾರೆಂದು ಹೆಂಡತಿಗೂ ತಿಳಿಸಿರಲಿಲ್ಲ. ಕಡಲೆಯಷ್ಟು ದಪ್ಪದ ಗುಳಿಗೆ, ಬೆಳಿಗ್ಗೆ ಒಂದು, ಸಂಜೆ ಒಂದು. ಜಗಿಯಬಾರದು, ಮಜ್ಜಿಗೆಯಲ್ಲಿ ನುಂಗಬೇಕು.

ಅವರ ತಮ್ಮ ಮನೆಗೆ ಹೋಗಿ ಗುಳಿಗೆಯ ಪೊಟ್ಟಣ ತಂದುಕೊಟ್ಟ. ಒಣಗಿದ ಬಾಳೆಲೆಯ ಪೊಟ್ಟಣ, ಬಾಳೆನಾರಿನಿಂದ ಅಡ್ಡಡ್ಡ ಎರಡು ಸುತ್ತು. ಒಳಗೆ ಏನೂ ಉಳಿದಿರಲಿಲ್ಲ.

ವಿಸ್ಮಿತಾ ಪೊಟ್ಟಣವನ್ನು ತಿರುಗಿಸಿ ನೋಡಿದಳು. ಇಂಥದೇ ಪೊಟ್ಟಣ ಡಾಕ್ಟರ್ ಶ್ರೀಕೃಷ್ಣರ ಮೇಜಿನ ಡ್ರಾಯರಿನಲ್ಲಿ, ಚೀಟಿ ಪುಸ್ತಕಗಳ ಅಡಿಯಲ್ಲಿ ಸಿಕ್ಕಿತ್ತು. ದೇವಸ್ಥಾನದ ಪ್ರಸಾದ ಇರಬೇಕೆಂದು ಅವಳು ಅದನ್ನು ಅಲ್ಲೇ ಬಿಟ್ಟು ಬಂದಿದ್ದಳು. ನಾಟಿ ಮದ್ದು ಮಾಡಿ ಬಂದವರಿಗೆ ಚಿಕಿತ್ಸೆ ಇಲ್ಲ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದ ಡಾಕ್ಟರು ಕದ್ದು ನಾಟಿ ಗುಳಿಗೆ ನುಂಗುತ್ತಿದ್ದರೆಂದು ಯಾರು ತಾನೇ ಎಣಿಸುತ್ತಾರೆ?

ಜೀಪು ಮೂಡಬಿದ್ರಿಯಿಂದ ಬಂಟ್ವಾಳದ ರಸ್ತೆ ಹಿಡಿಯಿತು. ವಿಸ್ಮಿತಾಳ ತೊಡೆಯ ಮೇಲೆ ಹಳೆಯ ಫೈಲಿನ ನಕಲು ಇತ್ತು. ಅದರ ಒಂದೊಂದು ಸಾಲೂ ಅವಳಿಗೆ ಬಾಯಿಪಾಠ. ಯಾಕೆಂದರೆ ಅದನ್ನು ಟೈಪ್ ಮಾಡಿದವಳು ಅವಳೇ.

ಅಂದು ಠಾಣೆಯ ಸಬ್ ಇನ್‌ಸ್ಪೆಕ್ಟರ್ ಆಗಿದ್ದವರು ವಸಂತ. ಗಣೇಶಪ್ರಸಾದನಿಗೆ ಹಳೆಯ ಸ್ನೇಹಿತರು. ಮಣಿಗಳ ಆಟಿಕೆ ಶಾಲೆಯದ್ದೆಂದು ಮಗುವಿನ ತಾಯಿ ಹೇಳಿದ್ದಳು. ವಸಂತರು ಬರೆಸಿದ್ದು ಗಣೇಶಪ್ರಸಾದ್ ಹೇಳಿದ ಹಾಗೆ: ಆಟಿಕೆ ಮನೆಯದ್ದು, ಮಗು ಅದನ್ನು ಶಾಲೆಗೆ ತಂದಿತ್ತು, ತಾಯಿಯ ಅಜಾಗರೂಕತೆಯಿಂದ ಸಾವು ಸಂಭವಿಸಿದೆ. ವಿಸ್ಮಿತಾ ಅರ್ಧದಲ್ಲಿ ಕೈ ನಿಲ್ಲಿಸಿದಾಗ ಅವರು ಹೇಳಿದ್ದರು, "ನೀನು ಟೈಪ್ ಮಾಡು, ಪ್ರಶ್ನೆ ಕೇಳಬೇಡ." ಅವಳು ಟೈಪ್ ಮಾಡಿದಳು.

ಆಟಿಕೆ ಮನೆಯದ್ದೆಂದು ಬರೆದ ಮೇಲೆ ಅದನ್ನು ಮನೆಗೇ ಹಿಂತಿರುಗಿಸಬೇಕಲ್ಲ? ಕೇಸು ಮುಚ್ಚಿದ ದಿನ ಉಳಿದ ಮಣಿಗಳಿದ್ದ ಡಬ್ಬಿಯನ್ನು ಮಗುವಿನ ಮನೆಯವರ ಕೈಗೆ ಕೊಟ್ಟು ರಸೀದಿ ಪಡೆದಿದ್ದರು. ಗಣೇಶಪ್ರಸಾದ್ ಹೇಳಿದ ಸುಳ್ಳೇ ಅವನ ಕರುಳಿಗೆ ಬೇಕಾದ ಮಣಿಗಳನ್ನು ಆ ಮನೆಗೆ ತಲುಪಿಸಿತ್ತು.

ಸಿದ್ಧಕಟ್ಟೆ ಪೇಟೆಯ ಕೊನೆಯಲ್ಲಿ ಮೋಕ್ಷಿತಾಳ ತಾಯಿ ವಾರಿಜಾಕ್ಷಿಯ ಹೊಲಿಗೆ ಅಂಗಡಿ. ಗಂಡ ಕತಾರಿನಲ್ಲಿದ್ದ, ಮಗಳು ಹೋದ ಮೇಲೆ ಬಂದದ್ದು ಎರಡೇ ಸಲ. ವಾರಿಜಾಕ್ಷಿಗೆ ನಲವತ್ತು ದಾಟಿರಲಿಲ್ಲ, ತಲೆ ಅರ್ಧ ನರೆತಿತ್ತು. ವಿಸ್ಮಿತಾ ಒಳಗೆ ಬಂದಾಗ ಆಕೆ ಶಾಲೆಯ ಅಂಗಿಯೊಂದಕ್ಕೆ ಕಾಜ ಹಾಕುತ್ತಿದ್ದಳು. ಐದು ವರ್ಷದ ಹಿಂದೆ ಠಾಣೆಯಲ್ಲಿ ನೋಡಿದವಳೆಂದು ಆಕೆಗೆ ಗುರುತು ಹತ್ತಲಿಲ್ಲ.

ಗಣೇಶಪ್ರಸಾದ್ ಆಸ್ಪತ್ರೆಯಲ್ಲಿದ್ದಾನೆ, ಹೊಟ್ಟೆಯಲ್ಲಿ ಮಣಿ ಸಿಕ್ಕಿದೆ ಎಂದು ವಿಸ್ಮಿತಾ ಹೇಳಿದಳು. ಸೂಜಿ ನಿಂತಿತು.

"ಸಾಯ್ತಾನಾ?"

"ಗೊತ್ತಿಲ್ಲ."

"ನೋವು ಉಂಟಾ?"

"ತುಂಬ ಇತ್ತು."

ವಾರಿಜಾಕ್ಷಿ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ನನ್ನ ಮಗುವಿಗೆ ಮೂರು ದಿನ ಇತ್ತು ಮೇಡಂ."

"ಅವನಿಗೆ ಕೊಟ್ಟದ್ದು ನೀವಾ ವಾರಿಜಕ್ಕ?"

"ಕೊಡಬೇಕು ಅಂತ ಇತ್ತು."

ಆಕೆ ಏನನ್ನೂ ಮುಚ್ಚಿಡಲಿಲ್ಲ. ಬೆಳಿಗ್ಗೆ ದೀಪ ಹಚ್ಚುವಾಗ ಮೂವರ ಹೆಸರು ಹೇಳುತ್ತಿದ್ದಳಂತೆ, ಐದು ವರ್ಷ, ಒಂದು ದಿನವೂ ತಪ್ಪದೆ. ಮೂರು ಸಲ ಮಗುವನ್ನು ವಾಪಸು ಕಳಿಸಿದ ಡಾಕ್ಟರು. ಆಟಿಕೆಯನ್ನು ಅವರ ಮನೆಯ ತಲೆಗೆ ಕಟ್ಟಿದ ಗಣೇಶಪ್ರಸಾದ್. ಅದನ್ನೇ ಸರಿ ಎಂದು ಬರೆಸಿದ ವಸಂತ. ಕತ್ತಿ ತೆಗೆದುಕೊಂಡು ಹೋದರೆ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಅಷ್ಟು ಸಾಲದು ಎಂದು ಸುಮ್ಮನಿದ್ದಳಂತೆ. ಸಾಕಾಗುವಂಥ ಒಂದು ದಾರಿಗಾಗಿ ಕಾದಿದ್ದಳು.

"ಡಾಕ್ಟರು ಸತ್ತ ಸುದ್ದಿ ಪೇಪರಿನಲ್ಲಿ ಓದಿದೆ. ಹೊಟ್ಟೆಯಲ್ಲಿ ಮಣಿ ಅಂತ ಇತ್ತು. ಆ ದಿನ ನನಗೆ ಊಟ ಸೇರಲಿಲ್ಲ."

"ಖುಷಿಗಾ?"

"ಸಿಟ್ಟಿಗೆ. ನನ್ನ ಕೈಯಲ್ಲಿ ಇದ್ದದ್ದನ್ನು ಯಾರೋ ಕಸಿದುಕೊಂಡ ಹಾಗೆ ಆಯ್ತು. ಅದು ನಾನು ಮಾಡಬೇಕಾದದ್ದು. ನನ್ನ ಮಗಳು ಅವಳು."

ಇಂಥ ಮಾತನ್ನು ಸುಳ್ಳು ಹೇಳುವವರು ಕಟ್ಟಲಾರರು ಎಂದು ವಿಸ್ಮಿತಾಳಿಗೆ ಅನಿಸಿತು. ಆದರೂ ಬಿಡಲಿಲ್ಲ. ಮಣಿಯ ಡಬ್ಬಿ ನಿಮ್ಮ ಮನೆಗೇ ಬಂದಿತ್ತಲ್ಲ ಎಂದು ಒತ್ತಿ ಕೇಳಿದಳು.

"ನಾನು ತಗೊಳ್ಳಲಿಲ್ಲ. ಅದನ್ನು ಮುಟ್ಟುವ ಕೈ ಉಂಟಾ ನನಗೆ?" ವಾರಿಜಾಕ್ಷಿಯ ಧ್ವನಿ ಮೊದಲ ಬಾರಿಗೆ ಏರಿತು. "ಅದು ನಮ್ಮದಲ್ಲ ಅಂತ ಠಾಣೆಯಲ್ಲಿ ಎಷ್ಟು ಸಲ ಹೇಳಿದೆ. ಒಬ್ಬಳು ಹುಡುಗಿ ಟೈಪ್ ಮಾಡ್ತಾ ಇದ್ದಳು. ತಲೆ ಎತ್ತಿ ಕೂಡ ನೋಡಲಿಲ್ಲ."

ಅದು ನಾನೇ ಎಂಬ ಮಾತು ವಿಸ್ಮಿತಾಳ ಬಾಯಿಯವರೆಗೆ ಬಂತು. ಅವಳು ಅದನ್ನು ನುಂಗಿದಳು.

ರಸೀದಿಯ ಹಾಳೆಯನ್ನು ತೋರಿಸಲೆಂದು ಫೈಲು ತೆರೆದಳು. ಅವಳು ಟೈಪ್ ಮಾಡದ ಹಾಳೆ ಅದೊಂದೇ; ಬೆಳಿಗ್ಗೆ ಅವಸರದಲ್ಲಿ ಸರಿಯಾಗಿ ನೋಡಿರಲಿಲ್ಲ. ರಸೀದಿಯಲ್ಲಿ ಸಹಿ ಇರಲಿಲ್ಲ. ಶಾಯಿಯ ಹೆಬ್ಬೆಟ್ಟಿನ ಗುರುತು ಇತ್ತು. ಅಂಗಡಿಯ ಮೇಜಿನ ಮೇಲೆ ಬಿಲ್ ಪುಸ್ತಕ ಬಿಚ್ಚಿಕೊಂಡಿತ್ತು. ಅದರ ಪ್ರತಿ ಹಾಳೆಯಲ್ಲೂ ವಾರಿಜಾಕ್ಷಿಯ ದುಂಡಗಿನ ಕನ್ನಡ ಸಹಿ.

ಯಾರ ಹೆಬ್ಬೆಟ್ಟು ಇದು ಎಂದು ಕೇಳಲು ತಲೆ ಎತ್ತಿದರೆ ವಾರಿಜಾಕ್ಷಿ ಕುರ್ಚಿಯಲ್ಲಿ ಬಾಗಿಹೋಗಿದ್ದಳು. ಎರಡೂ ಕೈ ಹೊಟ್ಟೆಯ ಮೇಲೆ. ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ನಿನ್ನೆಯಿಂದ ಹೀಗೆ, ಬಂದು ಹೋಗ್ತದೆ, ಏನಿಲ್ಲ ಎಂದಳು. ಏಳಲು ಹೋಗಿ ಯಂತ್ರದ ಮೇಲೆಯೇ ಕುಸಿದಳು.

ಬಂದ ದಾರಿಯಲ್ಲೇ ಜೀಪು ತಿರುಗಿತು.

ಸಂಜೆ ನಾಲ್ಕೂವರೆಗೆ ಡಾಕ್ಟರ್ ಶಾಹಿದಾ ಎಕ್ಸ್‌ರೇ ಹಾಳೆಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಬೆನ್ನುಮೂಳೆಯ ಬಲಕ್ಕೆ ಮೂರು ಬಿಳಿ ಚುಕ್ಕೆಗಳು, ಒಂದರ ಪಕ್ಕ ಒಂದು. ಎರಡು ಅಂಟಿಕೊಂಡಿದ್ದವು. ಮೂರನೆಯದಕ್ಕೂ ಅವಕ್ಕೂ ನಡುವೆ ಕೂದಲೆಳೆಯಷ್ಟು ಸಂದು.

"ಆ ಸಂದಿನಲ್ಲಿ ಕರುಳು ಸಿಕ್ಕಿಕೊಂಡಿದೆ," ಎಂದರು ಶಾಹಿದಾ. "ಅರ್ಧ ಗಂಟೆಯಲ್ಲಿ ಥಿಯೇಟರಿಗೆ ತಗೊಳ್ತೇನೆ. ತಡ ಮಾಡಿದರೆ ಉಳಿಯುವುದಿಲ್ಲ."

ಸ್ಟ್ರೆಚರಿನ ಮೇಲಿದ್ದ ವಾರಿಜಾಕ್ಷಿ ತನಗೂ ತೋರಿಸಿ ಎಂದು ಹಟ ಹಿಡಿದಳು. ತೋರಿಸಿದರು. ಆಕೆ ಆ ಮೂರು ಚುಕ್ಕೆಗಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮಗಳ ಹೊಟ್ಟೆಯ ಇಂಥ ಚಿತ್ರವನ್ನು ಯಾರೂ ತೆಗೆದಿರಲಿಲ್ಲ.

"ಅತ್ತೆ," ಎಂದಳು ಕೊನೆಗೆ, ತನ್ನಷ್ಟಕ್ಕೆ.

ನರ್ಸ್ ಆಕೆಯ ಬಳೆ ಮತ್ತು ಕೈಚೀಲವನ್ನು ವಿಸ್ಮಿತಾಳ ಕೈಗೆ ಕೊಟ್ಟು ಹೋದಳು. ಚೀಲದಲ್ಲಿ ಅಳತೆಯ ಟೇಪು, ಸೇಫ್ಟಿ ಪಿನ್ನುಗಳ ಗೊಂಚಲು, ಒಂದು ಒಣ ಬಾಳೆಲೆಯ ಪೊಟ್ಟಣ. ಬಾಳೆನಾರು, ಅಡ್ಡಡ್ಡ ಎರಡು ಸುತ್ತು. ಇದು ಖಾಲಿಯಾಗಿರಲಿಲ್ಲ. ಬೂದು ಬಣ್ಣದ ಎರಡು ಗುಳಿಗೆ ಉಳಿದಿದ್ದವು. ವಿಸ್ಮಿತಾ ಅವನ್ನು ಕಾಗದದ ಮೇಲಿಟ್ಟು ಒಂದು ಪಿನ್ನನ್ನು ಹತ್ತಿರ ತಂದಳು. ಒಂದು ಗುಳಿಗೆ ಸುಮ್ಮನಿತ್ತು. ಇನ್ನೊಂದು ಉರುಳಿ ಬಂದು ಪಿನ್ನಿಗೆ ಕಚ್ಚಿತು.

"ಯಾರು ಕೊಟ್ಟದ್ದು ವಾರಿಜಕ್ಕ?"

ಉತ್ತರ ಪ್ರಶ್ನೆಗೆ ಸಂಬಂಧವಿಲ್ಲದ ಹಾಗೆ ಬಂತು. ಆಕೆಯ ಅತ್ತೆ ಸೇಸಮ್ಮ ಕೊಕ್ಕಡದಲ್ಲಿದ್ದಾರೆ. ಎಪ್ಪತ್ತು ದಾಟಿದೆ, ಓದು ಬರಹ ಬಾರದು. ಹತ್ತೂರಿನವರು ಅವರ ಹತ್ತಿರ ನಾಟಿ ಮದ್ದಿಗೆ ಬರುತ್ತಾರೆ. ಮೊಮ್ಮಗಳು ಸತ್ತ ದಿನದಿಂದ ಅವರು ಸೊಸೆಯೊಂದಿಗೆ ಮಾತು ಬಿಟ್ಟಿದ್ದರು.

"ಮೊದಲನೇ ದಿನ ಸಂಜೆ ಮಗು ನನಗೆ ಹೇಳಿತ್ತು ಮೇಡಂ. ಅಮ್ಮ, ಮಣಿ ನುಂಗಿದೆ ಅಂತ. ಜೀರಿಗೆ ಮಿಠಾಯಿ ಇರಬೇಕು ಅಂತ ನಾನು ನಗಾಡಿದೆ. ಅತ್ತೆ ಅಲ್ಲೇ ಇದ್ದರು. ನಾಳೆ ಶಾಲೆಗೆ ಕಳಿಸಬೇಡ, ಒಂದು ದಿನ ನೋಡುವ ಅಂದರು. ಮದುವೆಯ ರವಿಕೆ ಕೊಡುವುದಿತ್ತು ನನಗೆ. ಕಳಿಸಿದೆ. ಎರಡನೇ ಮಣಿ ಅವಳು ನುಂಗಿದ್ದು ಆ ದಿನ."

ಒಂದು ನುಂಗಿದರೆ ಏನೂ ಆಗುತ್ತಿರಲಿಲ್ಲ. ಬೆಳಿಗ್ಗೆ ಶಾಹಿದಾ ಹೇಳಿದ ಮಾತನ್ನು ಈ ತಾಯಿ ಐದು ವರ್ಷದಿಂದ ಬಲ್ಲಳು ಎಂದು ವಿಸ್ಮಿತಾಳಿಗೆ ಅರ್ಥವಾಯಿತು. ಅಜ್ಜಿಯೂ ಬಲ್ಲಳು.

"ಎರಡು ತಿಂಗಳ ಹಿಂದೆ ಅತ್ತೆ ತಾವಾಗಿ ಮಾತಾಡಿಸಿದರು. ನನ್ನ ಕೈ ಹಿಡಿದುಕೊಂಡು ಬೆನ್ನುನೋವು ಹೇಗುಂಟು ಅಂತ ಕೇಳಿದರು. ನಾನು ಅತ್ತುಬಿಟ್ಟೆ. ಕ್ಷಮಿಸಿದ್ದಾರೆ ಅಂತ ಎಣಿಸಿದೆ." ವಾರಿಜಾಕ್ಷಿ ಕಣ್ಣು ಮುಚ್ಚಿದಳು. "ಹೋದ ವಾರ ಗುಳಿಗೆ ಕಳಿಸಿದರು."

ಅತ್ತೆಯ ಪಟ್ಟಿಯಲ್ಲಿ ಹೆಸರು ಮೂರಲ್ಲ, ನಾಲ್ಕು ಇದ್ದವು.

ವಿಸ್ಮಿತಾ ಬಾಗಿಲ ಕಡೆ ತಿರುಗಿದಳು. ಕೊಕ್ಕಡಕ್ಕೆ ಈಗಲೇ ಜನ ಕಳಿಸಬೇಕು. ಹಿಂದಿನಿಂದ ಒಂದು ಕೈ ಅವಳ ಸಮವಸ್ತ್ರದ ತೋಳನ್ನು ಹಿಡಿಯಿತು. ಸಾಯುತ್ತಿರುವವಳ ಹಿಡಿತದ ಹಾಗಿರಲಿಲ್ಲ ಅದು.

"ನಾನೇ ಮಾಡಿದ್ದು ಮೇಡಂ. ಡಾಕ್ಟರಿಗೂ ಗಣೇಶಪ್ರಸಾದನಿಗೂ ನಾನೇ ಕೊಟ್ಟದ್ದು. ಕೊನೆಗೆ ನಾನೂ ತಗೊಂಡೆ. ಬರೆದುಕೊಳ್ಳಿ, ಸಹಿ ಹಾಕ್ತೇನೆ."

"ಈಗ ತಾನೇ ಅತ್ತೆ ಕಳಿಸಿದ್ದು ಅಂತ ಹೇಳಿದಿರಿ."

"ಹೇಳಲಿಲ್ಲ. ಯಾರ ಎದುರು ಕೇಳಿದರೂ ಹೇಳಲಿಲ್ಲ ಅಂತಲೇ ಹೇಳ್ತೇನೆ."

"ನಿಮ್ಮನ್ನು ಕೊಲ್ಲಲು ಹೊರಟವರು ಅವರು."

"ನನ್ನ ಪಾಲಿಗೆ ಬರಬೇಕಾದದ್ದು ನನಗೆ ಬಂತು. ಅದಕ್ಕೆ ನಾನು ಅವರನ್ನು ಏನೂ ಕೇಳುವುದಿಲ್ಲ." ಹಲ್ಲು ಕಚ್ಚಿ ನೋವನ್ನು ಹಿಂದೆ ತಳ್ಳಿ ಆಕೆ ಹೇಳಿದಳು, "ಇವತ್ತು ನೀವು ಅತ್ತೆಯನ್ನು ಹಿಡಿದರೆ ಕೆಲಸ ಅರ್ಧದಲ್ಲಿ ನಿಲ್ತದೆ. ಇನ್ನೊಬ್ಬ ಉಳಿದಿದ್ದಾನೆ."

ವಾರ್ಡಿನವರು ಬಂದು ಸ್ಟ್ರೆಚರ್ ತಳ್ಳಿಕೊಂಡು ಹೋದರು. ಥಿಯೇಟರಿನ ಬಾಗಿಲು ಮುಚ್ಚುವವರೆಗೂ ವಾರಿಜಾಕ್ಷಿಯ ಕಣ್ಣು ವಿಸ್ಮಿತಾಳ ಮೇಲೆಯೇ ಇತ್ತು.

ವಸಂತ ನಿವೃತ್ತರಾಗಿ ಪೊಳಲಿಯಲ್ಲಿ ಮನೆ ಮಾಡಿದ್ದರು. ಕಾರಿಡಾರಿನ ಕಿಟಕಿಯ ಬಳಿ ನಿಂತು ವಿಸ್ಮಿತಾ ಅವರಿಗೆ ಫೋನು ಮಾಡಿದಳು. ಎರಡನೇ ರಿಂಗಿಗೇ ಎತ್ತಿದರು.

"ಏನಮ್ಮಾ ವಿಸ್ಮಿತಾ, ಬಹಳ ಅಪರೂಪ."

ಆರೋಗ್ಯ ಹೇಗಿದೆ ಸರ್ ಎಂದು ಅವಳು ಕೇಳಿದಳು.

"ಗಂಟುನೋವು ಒಂದು ಬಿಟ್ಟರೆ ಆರಾಮ. ಡಾಕ್ಟ್ರುಗಳ ಹಿಂದೆ ತಿರುಗಿ ಸಾಕಾಯ್ತು ಮಾರಾಯ್ತಿ. ಇವತ್ತಿನಿಂದ ಕೊಕ್ಕಡದ ಒಬ್ಬರು ಅಜ್ಜಿಯ ಮದ್ದು ಶುರು ಮಾಡಿದ್ದೇನೆ. ಬೆಳಿಗ್ಗೆ ಒಂದು ಗುಳಿಗೆ ಆಯ್ತು. ಸಂಜೆದ್ದು ತಗೊಳ್ಳುವ ಅಂತ ಮಜ್ಜಿಗೆ ಹಿಡ್ಕೊಂಡೇ ಕೂತಿದ್ದೇನೆ."

ಲೋಟಕ್ಕೆ ಚಮಚ ತಾಗುವ ಸದ್ದು ಕೇಳಿಸಿತು. ಅವರು ನೆಮ್ಮದಿಯಿಂದ ಏನನ್ನೋ ಕದಡುತ್ತಿದ್ದರು.

ಬೆಳಗಿನ ಗುಳಿಗೆಯಲ್ಲಿ ಮಣಿ ಇದ್ದರೂ ಅದು ಒಂದೇ. ಒಂದಾದರೆ ತಾನಾಗಿ ಹೋಗುತ್ತದೆ. ಅವಳು ಒಂದು ಮಾತು ಹೇಳಿದರೆ ಸಾಕಿತ್ತು.

"ಏನು ವಿಷಯ ಹೇಳು. ಕೇಸಿನದ್ದಾ?"

ವಿಸ್ಮಿತಾಳ ಎದುರಿಗೆ ಆ ಹಳೆಯ ಟೈಪಿನ ಸಾಲು ಬಂದು ನಿಂತಿತು: ತಾಯಿಯ ಅಜಾಗರೂಕತೆಯಿಂದ. ಮಾತು ಹೊರಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾತು ಬಂದಿತ್ತು, ನಾಲಿಗೆಯ ತುದಿಯಲ್ಲೇ ಇತ್ತು.

ಅವಳೇ ಅದನ್ನು ತಡೆದು ಹಿಡಿದಿದ್ದಳು.

"ಹಲೋ," ಎಂದರು ವಸಂತ ಆ ಕಡೆಯಿಂದ. "ಕೇಳ್ತಾ ಉಂಟಾ? ಒಂದು ನಿಮಿಷ ಇರು ಹಾಗಾದರೆ. ಇದೊಂದು ನುಂಗಿಬಿಡ್ತೇನೆ."